ಮೂಗಿಗಿಂತ ಭಾರವಾದ ಮೂಗುತಿ: ಎಂಜಿಬಿ ಕಾರಿನ ರಬ್ಬರ್ ಬಂಪರ್ ಬಿಚ್ಚಿ ಕ್ರೋಮ್ ಬಂಪರ್ ಹಾಕುವ ಬಗೆ

ಊರಿಗೆ ಫೋನ್ ಮಾಡಿ "ಎಂಜಿ ಕಾರು ತಗೊಂಡೆ" ಅಂದಾಗ ನಮ್ಮ ಭಾವ ಕೇಳಿದ ಮೊದಲ ಮಾತು, "ಹೆಕ್ಟರಾ?" ಅವರ ತಪ್ಪೇನೂ ಇಲ್ಲ. 2019ರಿಂದ ನಮ್ಮ ಕಡೆ ರಸ್ತೆಯಲ್ಲಿ ಕಾಣುವ ಎಂಜಿ ಅಂದರೆ ಅದೇ. ನಾನು ತಗೊಂಡಿದ್ದು ಅದರ ಅಜ್ಜನನ್ನು. 1977ರ ಎಂಜಿಬಿ ರೋಡ್‌ಸ್ಟರ್. ಎರಡು ಸೀಟು, ಬಟ್ಟೆಯ ಟಾಪ್, 1798 ಸಿಸಿ ಎಂಜಿನ್. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಗಿ ನೇರ ಅಮೆರಿಕಕ್ಕೆ ಬಂದ ಕಾರು, ಈಗ ನ್ಯೂಜೆರ್ಸಿಯ ನಮ್ಮ ಗ್ಯಾರೇಜಿನಲ್ಲಿ ನಿಂತಿದೆ. ಫೋಟೋ ಕಳಿಸಿದೆ. ಅಕ್ಕನ ಉತ್ತರ ಬಂತು: "ಕಾರು ಚೆನ್ನಾಗಿದೆ. ಆದರೆ ಅದ್ಯಾಕೆ ಬಾಯಲ್ಲಿ ಟೈರ್ ಕಚ್ಚಿಕೊಂಡಿದೆ?"

ಆ ಟೈರನ್ನು ಬಿಚ್ಚಿ, ತೆಳ್ಳಗಿನ ಹಳೇ ಕ್ರೋಮ್ ಬಂಪರ್ ಹಾಕಿದ ಅನುಭವ ಇದು. ನೀವೂ ಇಂಥ ಕಾರು ಇಟ್ಟುಕೊಂಡಿದ್ದರೆ, ಅಥವಾ ಕೊಳ್ಳುವ ಯೋಚನೆ ಇದ್ದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಒಮ್ಮೆ ಪೂರ್ತಿ ಓದಿ. ಬೋಲ್ಟುಗಳು ಹಟ ಹಿಡಿಯದಿದ್ದರೆ ಬಂಪರ್ ಬಿಚ್ಚುವುದು ಒಂದು ಬೆಳಗಿನ ಕೆಲಸ, ಅಷ್ಟೇ. ಅದರ ಹಿಂದೆ ಏನು ಅಡಗಿದೆ ಅನ್ನುವುದೇ ಅಸಲಿ ಕತೆ.

ಈ ಮೂಗುತಿ ಬಂದಿದ್ದು ಎಲ್ಲಿಂದ

ಎಂಜಿಬಿ ಶುರುವಾಗಿದ್ದು 1962ರಲ್ಲಿ. ಆಗ ಅದಕ್ಕೆ ಇದ್ದಿದ್ದು ತೆಳ್ಳಗಿನ ಕ್ರೋಮ್ ಬಂಪರ್. ಬಂಪರ್ ಅನ್ನುವುದಕ್ಕಿಂತ ಒಡವೆ ಅನ್ನಬಹುದು. ಆಮೇಲೆ ಅಮೆರಿಕ ಸರ್ಕಾರ ಹೊಸ ನಿಯಮ ತಂತು. 1973ರ ಮಾಡೆಲ್‌ನಿಂದ ಕಾರು ಗಂಟೆಗೆ 5 ಮೈಲಿ ವೇಗದಲ್ಲಿ ಮುಂದಿನಿಂದ ಗುದ್ದಿದರೂ ಲೈಟು, ಇಂಧನದ ವ್ಯವಸ್ಥೆಯಂಥವಕ್ಕೆ ಪೆಟ್ಟಾಗಬಾರದು ಅಂತ. ಹಿಂದಿನಿಂದ ಮೊದಲು ಎರಡೂವರೆ ಮೈಲಿ ಇತ್ತು, ಮರುವರ್ಷ ಅದೂ 5 ಆಯಿತು. ಜೊತೆಗೆ ಬಂಪರ್ ನೆಲದಿಂದ ಇಷ್ಟೇ ಎತ್ತರದಲ್ಲಿ ಇರಬೇಕು ಅನ್ನುವ ಲೆಕ್ಕವೂ ಬಂತು. ಎಂಜಿಬಿಗೆ ದೊಡ್ಡ ಮಾರುಕಟ್ಟೆಯೇ ಅಮೆರಿಕ. ಬೇರೆ ದಾರಿ ಇರಲಿಲ್ಲ.

ಕಂಪನಿ ಮೊದಲು ಮಾಡಿದ್ದು ತೇಪೆ ಕೆಲಸ. 1974ರ ಅಮೆರಿಕದ ಕಾರುಗಳಿಗೆ ಕ್ರೋಮ್ ಬಂಪರ್ ಮೇಲೇ ಎರಡು ದಪ್ಪ ರಬ್ಬರ್ ಗುಬುಟು ಕೂರಿಸಿದರು. ಬ್ರಿಟನ್ನಿನ ತುಂಬಿದ ಮೈಕಟ್ಟಿನ ನಟಿಯೊಬ್ಬಳ ನೆನಪಲ್ಲಿ ಜನ ಅದಕ್ಕೆ 'ಸಬ್ರಿನಾ' ಅಂತ ಹೆಸರಿಟ್ಟರು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಕಾರಿನ ಮೂತಿ, ಬಾಲ ಎರಡಕ್ಕೂ ಕಪ್ಪು ಬಂಪರ್ ಬಂತು. ರಬ್ಬರ್ ಬಂಪರ್ ಅಂತ ಕರೆದರೂ ಅದು ರಬ್ಬರ್ ಅಲ್ಲ. ಒಳಗೆ ದಪ್ಪ ಉಕ್ಕಿನ ಚೌಕಟ್ಟು, ಮೇಲೆ ಪಾಲಿಯುರೆಥೇನ್. ಎತ್ತರದ ನಿಯಮಕ್ಕೆ ಹೊಂದಿಸಲು ಇಡೀ ಕಾರನ್ನೇ ಸುಮಾರು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಮೇಲಕ್ಕೆತ್ತಿದರು. ನೆಲಕ್ಕೆ ಅಂಟಿಕೊಂಡು ಓಡಬೇಕಾದ ಸ್ಪೋರ್ಟ್ಸ್ ಕಾರು ಸೀರೆ ನೆರಿಗೆ ಎತ್ತಿ ಹಳ್ಳ ದಾಟುವವರ ಹಾಗೆ ಕಾಣತೊಡಗಿತು. ತಿರುವಿನಲ್ಲಿ ಓಲಾಡುತ್ತಿತ್ತು ಕೂಡ. 1977ರ ಮಾಡೆಲ್‌ನಿಂದ ಹಿಂದೆ ಮುಂದೆ ಆ್ಯಂಟಿ ರೋಲ್ ಬಾರ್, ಅಂದರೆ ಓಲಾಟ ತಡೆಯುವ ಉಕ್ಕಿನ ಕಂಬಿ, ಹಾಕಿದ ಮೇಲೆ ಸ್ವಲ್ಪ ಸರಿಹೋಯಿತು. 1980ರ ಅಕ್ಟೋಬರ್‌ನಲ್ಲಿ ಅಬಿಂಗ್ಡನ್ ಕಾರ್ಖಾನೆ ಬಾಗಿಲು ಹಾಕುವ ತನಕ ಇದೇ ರೂಪ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಬದಲಾಗಿದ್ದು ಬಂಪರ್ ಒಂದೇ ಅಲ್ಲ. ಎತ್ತರ ಬದಲಾಯಿತು, ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ಬದಲಾಯಿತು, ಲೈಟಿನ ಜಾಗ ಬದಲಾಯಿತು. ಬರೀ ಬಂಪರ್ ಬದಲಿಸಿ ಬಿಟ್ಟರೆ ಪಂಚೆ ಮೇಲೆ ಟೈ ಕಟ್ಟಿದ ಹಾಗೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಮಾಡಲೇಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ದುಡ್ಡಿನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ಬಂಪರ್, ಗ್ರಿಲ್, ಫೆಂಡರ್, ಪೇಂಟ್, ಸ್ಪ್ರಿಂಗ್ ಎಲ್ಲ ಸೇರಿದರೆ ಆಗುವ ಖರ್ಚಿಗೆ, ನಿಮ್ಮ ಕಾರನ್ನು ಮಾರಿ ಇನ್ನಷ್ಟು ಹಾಕಿದರೆ 1974ಕ್ಕಿಂತ ಹಿಂದಿನ ಅಸಲಿ ಕ್ರೋಮ್ ಕಾರೇ ಸಿಗಬಹುದು. ಬದಲಿಸಿದ ಕಾರಿಗೆ ಅಸಲಿ ಕ್ರೋಮ್ ಕಾರಿನ ಬೆಲೆ ಬರುವುದಿಲ್ಲ. ಗೊತ್ತಿರುವವರು ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಹಾಗಾದರೆ ಯಾವಾಗ ಮಾಡಬಹುದು? ಫೆಂಡರ್ ಹೇಗೂ ತುಕ್ಕು ತಿಂದಿದೆ, ಇಡೀ ಕಾರಿಗೆ ಹೇಗೂ ಪೇಂಟ್ ಆಗಬೇಕು ಅನ್ನುವ ಸ್ಥಿತಿ ಇದ್ದರೆ ಧಾರಾಳವಾಗಿ ಮಾಡಿ. ನನ್ನದು ಅದೇ ಪರಿಸ್ಥಿತಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರಿನ ಹೊಟ್ಟೆ ತಿನ್ನುತ್ತದೆ. ಒಳ್ಳೇ ಪೇಂಟ್ ಇರುವ, ತುಕ್ಕಿಲ್ಲದ ರಬ್ಬರ್ ಬಂಪರ್ ಕಾರಾದರೆ ಸುಮ್ನೆ ಬಿಟ್ಟುಬಿಡಿ. ಎತ್ತರ ಇಳಿಸಿ, ಬಂಪರ್‌ಗೆ ಕಪ್ಪು ಮರಳಿ ಬರುವ ಹಾಗೆ ಉಜ್ಜಿ. ಅರ್ಧಕ್ಕರ್ಧ ಕೊರಗು ಅಷ್ಟಕ್ಕೇ ತೀರುತ್ತದೆ.

ಇನ್ನೊಂದು ಮಾತು. ನಿಮ್ಮದು 1974ರ ಸಬ್ರಿನಾ ಕಾರಾಗಿದ್ದರೆ ನೀವು ಅದೃಷ್ಟವಂತರು. ಅದರ ಮೈ ಇನ್ನೂ ಕ್ರೋಮ್ ಕಾರಿನದೇ. ಗುಬುಟು ತೆಗೆದು, ಹಳೇ ಮಾದರಿಯ ಬಂಪರ್, ಬ್ರಾಕೆಟ್, ಸಣ್ಣ ಓವರ್‌ರೈಡರ್ (ಬಂಪರ್ ಮೇಲೆ ನೆಟ್ಟಗೆ ನಿಲ್ಲುವ ಕೊಂಬು) ಹಾಕಿದರೆ ಮುಗಿಯಿತು. ವೆಲ್ಡಿಂಗ್ ಗೋಜು ಇಲ್ಲ. ಗುರುತು ಹಿಡಿಯುವುದು ಸುಲಭ: ಮುಂದಿನ ಇಂಡಿಕೇಟರ್ ಹೆಡ್‌ಲೈಟ್ ಕೆಳಗೆ ಫೆಂಡರಿನಲ್ಲಿದ್ದರೆ ಕ್ರೋಮ್ ಮೈ, ಬಂಪರ್ ಒಳಗೇ ಇದ್ದರೆ ರಬ್ಬರ್ ಮೈ.

ಕಾನೂನಿನ ವಿಚಾರ ಚುಟುಕಾಗಿ. ಬಂಪರ್ ನಿಯಮ ಬರೆದದ್ದು ಕಾರು ತಯಾರಿಸುವವರಿಗೆ. ಆದರೂ ಒಂದೊಂದು ರಾಜ್ಯದಲ್ಲಿ ಬಂಪರ್ ಎತ್ತರಕ್ಕೆ, ವಾರ್ಷಿಕ ತಪಾಸಣೆಗೆ ಬೇರೆ ಬೇರೆ ನಿಯಮ ಇದೆ. ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ವಿಮೆಯವರಿಗೂ ಹೇಳಿಬಿಡಿ. ಇನ್ನು ಕ್ರೋಮ್ ಬಂಪರ್ ಅಂದರೆ ಪಾರ್ಕಿಂಗಲ್ಲಿ ಯಾರಾದರೂ ಮೆಲ್ಲಗೆ ತಾಗಿಸಿದರೂ ಬಾಗುತ್ತದೆ. ಆ ಕಪ್ಪು ದಿಮ್ಮಿ ನಿಮ್ಮನ್ನು ಇಷ್ಟು ದಿನ ಕಾಪಾಡಿದೆ ಅನ್ನುವುದನ್ನೂ ಮರೆಯಬೇಡಿ.

ಸಾಮಾನು ಕೂಡಿಸುವುದು

ಬಿಚ್ಚುವ ಮುಂಚೆ ಎಲ್ಲವೂ ಕೈಯಲ್ಲಿ ಇರಲಿ. ಅರ್ಧ ಬಿಚ್ಚಿದ ಕಾರು ಗ್ಯಾರೇಜಿನಲ್ಲಿ ನಿಂತರೆ ಮನೆಯಲ್ಲಿ ಶಾಂತಿ ಇರುವುದಿಲ್ಲ. ಅನುಭವದ ಮಾತು.

ಬೇಕಾದ್ದು ಇಷ್ಟು: ಮುಂದಿನ ಹಿಂದಿನ ಕ್ರೋಮ್ ಬಂಪರ್, ಅವುಗಳ ಬ್ರಾಕೆಟ್, ಓವರ್‌ರೈಡರ್. ಕ್ರೋಮ್ ಮಾದರಿಯ ಎರಡು ಮುಂದಿನ ಫೆಂಡರ್. ಬಂಪರ್ ಕೆಳಗೆ ಬರುವ ತಗಡು, ಅದಕ್ಕೆ ವ್ಯಾಲೆನ್ಸ್ ಅಂತಾರೆ. ಗ್ರಿಲ್ ಮತ್ತು ಅದನ್ನು ಹಿಡಿಯುವ ಪಟ್ಟಿಗಳು. ಮುಂದಿನ ಇಂಡಿಕೇಟರ್ ಲೈಟು ಒಂದು ಜೊತೆ. ನಂಬರ್ ಪ್ಲೇಟ್ ಲೈಟು. ಹಿಂದಿನ ಮೂಲೆಗಳಿಗೆ ವೆಲ್ಡ್ ಮಾಡುವ ತಗಡಿನ ತುಂಡುಗಳು. ಎತ್ತರ ಇಳಿಸಲು ಸ್ಪ್ರಿಂಗ್ ಮತ್ತು ಬ್ಲಾಕ್.

ಗ್ರಿಲ್ ಆರಿಸುವಾಗ ನಿಮಗೆ ಯಾವ ವರ್ಷದ ಮುಖ ಬೇಕು ಅಂತ ಮೊದಲೇ ನಿರ್ಧರಿಸಿ. 1969ರ ತನಕ ಉದ್ದುದ್ದ ಕ್ರೋಮ್ ಕಡ್ಡಿಗಳ ಗ್ರಿಲ್. 1970ರಿಂದ 72ರ ತನಕ ಒಳಕ್ಕೆ ಸರಿದ ಕಪ್ಪು ಗ್ರಿಲ್. 1973, 74ರಲ್ಲಿ ಕ್ರೋಮ್ ಚೌಕಟ್ಟು, ಒಳಗೆ ಜೇನುಗೂಡಿನ ಜಾಲರಿ. ನನ್ನ ಮಟ್ಟಿಗೆ ಮೊದಲನೆಯದೇ ಚೆಂದ. ಬೆಳಗಿನ ಬಿಸಿಲಲ್ಲಿ ಆ ಕಡ್ಡಿಗಳು ಒಂದೊಂದೇ ಹೊಳೆಯುವುದನ್ನು ನೋಡಬೇಕು. ಒಂದು ಎಚ್ಚರಿಕೆ: 1977ರ ಮಾಡೆಲ್‌ನಿಂದ ರೇಡಿಯೇಟರ್ ಮುಂದಕ್ಕೆ ಬಂದಿದೆ, ಜೊತೆಗೆ ಎಲೆಕ್ಟ್ರಿಕ್ ಫ್ಯಾನ್ ಇದೆ. ಗ್ರಿಲ್ ಹಿಂದೆ ಎಷ್ಟು ಜಾಗ ಇದೆ ಅಂತ ಅಳೆದು ತರಿಸಿ.

ಫೆಂಡರ್ ಕೊಳ್ಳುವಾಗ ಅಗ್ಗದ ನಕಲಿಗೆ ಆಸೆಪಡಬೇಡಿ. ಹಳೇ ಅಚ್ಚುಗಳಲ್ಲೇ ತಗಡು ಒತ್ತುವ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನಂಥವರ ಫೆಂಡರ್ ದುಬಾರಿ, ಆದರೆ ಬಾಗಿಲ ಪಕ್ಕ ಕೂತಾಗ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಇನ್ನೊಂದು ಸೂಕ್ಷ್ಮ. ಅಮೆರಿಕದ ಕಾರುಗಳಿಗೆ ಫೆಂಡರ್ ಪಕ್ಕದಲ್ಲಿ ಸಣ್ಣ ಸೈಡ್ ಮಾರ್ಕರ್ ಲೈಟು ಇರಲೇಬೇಕು. ಬ್ರಿಟನ್ನಿನ ಫೆಂಡರ್‌ಗೆ ಆ ತೂತು ಇರುವುದಿಲ್ಲ. ಆರ್ಡರ್ ಮಾಡುವಾಗ ಕೇಳಿ, ಇಲ್ಲದಿದ್ದರೆ ಪೇಂಟ್‌ಗೆ ಮುಂಚೆ ನೀವೇ ಅಳೆದು ಕೊರೆಯಬೇಕು.

ಕ್ರೋಮ್ ಬಂಪರ್‌ನಲ್ಲೂ ಅಷ್ಟೇ. ಹೊಳಪು ನೋಡಿ ಮರುಳಾಗಬೇಡಿ, ಬಾಗು ನೋಡಿ. ಅಗ್ಗದ್ದರ ತುದಿಗಳು ಫೆಂಡರಿನ ದುಂಡಿಗೆ ಹೊಂದುವುದಿಲ್ಲ. ಹಳೇ ಅಸಲಿ ಬಂಪರ್ ಸೊಟ್ಟಗಾಗದೆ ಸಿಕ್ಕರೆ, ಅದಕ್ಕೆ ಹೊಸದಾಗಿ ತಾಮ್ರ, ನಿಕಲ್, ಕ್ರೋಮ್ ಮೂರೂ ಪದರ ಹಾಕಿಸುವುದು ನನ್ನ ಆಯ್ಕೆ.

ಸ್ಪ್ಯಾನರ್ ವಿಷಯ. ಇದು ಇಂಗ್ಲಿಷ್ ಕಾರು, ಬೋಲ್ಟುಗಳೆಲ್ಲ ಇಂಚಿನ ಅಳತೆಯವು. 7/16, 1/2, 9/16 ಇಂಚಿನ ಸ್ಪ್ಯಾನರ್ ಜಾಸ್ತಿ ಬಳಕೆ. ಮಿಲಿಮೀಟರ್ ಸ್ಪ್ಯಾನರ್‌ನಲ್ಲಿ ಒತ್ತಾಯ ಮಾಡಿದರೆ ತಲೆ ಉರುಟಾಗಿ ಕೂರುತ್ತದೆ.

ಬಿಚ್ಚುವುದು

ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಅದನ್ನು ಬಾನೆಟ್ ಕೆಳಗೆ ಹುಡುಕಬೇಡಿ, ಸೀಟಿನ ಹಿಂದಿನ ಹಲಗೆ ಕೆಳಗೆ ಇರುತ್ತದೆ. ಕಾರನ್ನು ಜಾಕ್‌ನಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಚಕ್ರದ ಕಮಾನಿನಿಂದ ನೆಲಕ್ಕೆ ಎಷ್ಟು ಎತ್ತರ ಅಂತ ಬರೆದಿಡಿ. ಆಮೇಲೆ ಬೇಕಾಗುತ್ತದೆ.

ಮುಂದಿನ ಬಂಪರ್‌ನ ಉಕ್ಕಿನ ಚೌಕಟ್ಟು ಚಾಸಿಯ ಎರಡು ತುದಿಗೆ ದಪ್ಪ ಬೋಲ್ಟುಗಳಲ್ಲಿ ನಿಂತಿದೆ. ಸುಮಾರು ಐವತ್ತು ವರ್ಷದ ಮಣ್ಣು, ಉಪ್ಪು, ನೀರು ಸೇರಿ ಅವು ಗಟ್ಟಿಯಾಗಿರುತ್ತವೆ. ನಾನು ಮೂರು ದಿನ ಸಂಜೆ ಆಫೀಸಿನಿಂದ ಬಂದವನೇ, ದೇವರಿಗೆ ದೀಪ ಹಚ್ಚಿದಷ್ಟು ನಿಯಮದಿಂದ, ಒಂದೊಂದು ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ನಾಲ್ಕನೇ ದಿನ ಉದ್ದದ ಕಬ್ಬಿಣದ ಪೈಪನ್ನು ಸ್ಪ್ಯಾನರ್ ಹಿಡಿಗೆ ಸಿಕ್ಕಿಸಿ ಮೈಭಾರ ಹಾಕಿದೆ. ಇಲ್ಲಿ ಕಿವಿ ಚುರುಕಾಗಿರಬೇಕು. "ಕಿರ್‍ರ್" ಅಂತ ಸದ್ದು ಬಂದರೆ ತುಕ್ಕು ಬಿಡುತ್ತಿದೆ, ಖುಷಿಪಡಿ. ಸದ್ದೇ ಇಲ್ಲದೆ ಬೋಲ್ಟ್ ಬೆಣ್ಣೆಯ ಹಾಗೆ ಮೆತ್ತಗೆ ತಿರುಗಿತು ಅಂದರೆ ಅಲ್ಲೇ ನಿಲ್ಲಿಸಿ. ಅದು ಬಿಚ್ಚಿಕೊಳ್ಳುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ನನ್ನದರಲ್ಲಿ ಬಲಗಡೆಯ ಒಂದು ಹಾಗೇ ಮುರಿಯಿತು. ಉಳಿದ ತುಂಡನ್ನು ಡ್ರಿಲ್ ಮಾಡಿ ತೆಗೆಯಲು ಒಂದು ಇಡೀ ಭಾನುವಾರ ಹೋಯಿತು. ಹಟ ಹಿಡಿದರೆ ಬೋಲ್ಟನ್ನು ಕಾಯಿಸಿ ನೋಡಿ. ಆದರೆ ಬೆಂಕಿ ಆ ಪಾಲಿಯುರೆಥೇನ್ ಹತ್ತಿರ ಸುಳಿಯಬಾರದು. ಅದು ಸುಟ್ಟರೆ ಬರುವ ಹೊಗೆ ವಿಷ. ಅದೇ ಕಾರಣಕ್ಕೆ ಬಂಪರನ್ನು ಗ್ರೈಂಡರ್‌ನಲ್ಲಿ ಕೊಯ್ಯುವ ಐಡಿಯಾ ಕೂಡ ಬೇಡ.

ಕೊನೆಯ ಬೋಲ್ಟ್ ತೆಗೆಯುವ ಮುಂಚೆ ಎರಡು ಕೆಲಸ. ಇಂಡಿಕೇಟರ್ ವೈರುಗಳನ್ನು ಬಿಡಿಸಿ, ಅವು ಗುಂಡಿನ ಆಕಾರದ ಕನೆಕ್ಟರ್‌ನಲ್ಲಿ ಸೇರಿರುತ್ತವೆ, ಮೆಲ್ಲಗೆ ಎಳೆದರೆ ಬರುತ್ತವೆ. ಇನ್ನೊಂದು, ಯಾರನ್ನಾದರೂ ಸಹಾಯಕ್ಕೆ ಕರೆಯಿರಿ. ಇಬ್ಬರಿಲ್ಲದೆ ಇದನ್ನು ಇಳಿಸಬೇಡಿ. ನನ್ನ ಮಗ ಒಂದು ತುದಿ ಹಿಡಿದು "ಅಪ್ಪಾ, ಇದರೊಳಗೆ ಏನು ತುಂಬಿದ್ದಾರೆ?" ಅಂದ.

ಹಿಂದಿನದಕ್ಕೂ ಇದೇ ಕ್ರಮ. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ, ಕಾರಿನ ಅಡಿಯಿಂದಲೂ ನೋಡಿ, ನಂಬರ್ ಪ್ಲೇಟ್ ಲೈಟಿನ ವೈರ್ ಮರೆಯಬೇಡಿ.

ಈಗ ಕಾರಿನ ಮುಂದೆ ನಿಂತು ನೋಡಿ. ಹಲ್ಲು ಕಿತ್ತ ಬಾಯಿಯ ಹಾಗಿದೆ, ಅಲ್ವಾ? ಹೆಡ್‌ಲೈಟ್ ಕೆಳಗೆ ಫೆಂಡರ್ ಅರ್ಧಕ್ಕೇ ನಿಂತಿದೆ. ಹಿಂದಿನ ಮೂಲೆಗಳಲ್ಲೂ ತಗಡು ಕತ್ತರಿಸಿದ ಹಾಗಿದೆ. ಕಂಪನಿಯವರು ಬಂಪರ್ ಮುಚ್ಚುತ್ತದೆ ಅಂತ ಅಲ್ಲಿ ತಗಡೇ ಕೊಟ್ಟಿಲ್ಲ.

ತಗಡಿನ ಕೆಲಸ

ಮುಂದಿನ ಫೆಂಡರ್ ವೆಲ್ಡ್ ಆಗಿಲ್ಲ, ಬೋಲ್ಟುಗಳಲ್ಲಿ ನಿಂತಿದೆ. ಇದೊಂದು ಪುಣ್ಯ. ಬಾನೆಟ್ ಅಂಚಿನ ಉದ್ದಕ್ಕೂ, ಬಾಗಿಲ ಕಂಬದ ಹತ್ತಿರ, ಕೆಳಗೆ ಸಿಲ್ (ಬಾಗಿಲ ಅಡಿಯ ಹೊಸ್ತಿಲು) ಪಕ್ಕ ಬೋಲ್ಟುಗಳಿವೆ. ಹಿಂದಿನ ಮೇಲಿನ ಮೂಲೆಯವು ಮಾತ್ರ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಕಾಲು ಸೀಟಿನ ಮೇಲೆ ಹಾಕಿ, ಕೈಯಂದಾಜಿನಲ್ಲಿ ಬಿಚ್ಚಬೇಕು. ಬೆನ್ನು ನೋವಿದ್ದವರು ಇದನ್ನು ಮಕ್ಕಳಿಗೆ ಒಪ್ಪಿಸಿ.

ಹೊಸ ಫೆಂಡರ್ ಬದಲು ಹಳೇ ಫೆಂಡರಿನ ಮೂತಿಗೆ ತುಂಡು ಸೇರಿಸಿ ವೆಲ್ಡ್ ಮಾಡುವವರೂ ಇದ್ದಾರೆ. ಫೆಂಡರ್ ತುಕ್ಕಿಲ್ಲದೆ ಗಟ್ಟಿಯಾಗಿದ್ದರೆ ಅದು ಸರಿ. ಆದರೆ ಆ ದುಂಡು ಆಕಾರ ಕೈಯಲ್ಲಿ ತರಲು ಪಳಗಿದ ಟಿಂಕರ್ ಬೇಕು. ಪುಟ್ಟಿ ಮೆತ್ತಿ ಆಕಾರ ತಂದರೆ ಎರಡು ಚಳಿಗಾಲದಲ್ಲಿ ಬಿರುಕು ಬಿಡುತ್ತದೆ.

ಹಿಂದಿನ ಫೆಂಡರ್ ಹಾಗಲ್ಲ, ಅದು ಮೈಗೇ ವೆಲ್ಡ್ ಆಗಿದೆ. ಅಲ್ಲಿ ಮೂಲೆಯ ತುಂಡುಗಳನ್ನೇ ವೆಲ್ಡ್ ಮಾಡಬೇಕು. ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಎಂಜಿಬಿಯ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಕೆಳಗೆ ನೇತಾಡುತ್ತಿದೆ. ನೀವು ವೆಲ್ಡ್ ಮಾಡುವ ಜಾಗಕ್ಕೆ ಅದು ಕೈಯಳತೆ ದೂರ. ಪೆಟ್ರೋಲ್ ಖಾಲಿ ಮಾಡಿದರೆ ಸಾಲದು, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯ. ಟ್ಯಾಂಕ್ ಬಿಚ್ಚಿ, ಗ್ಯಾರೇಜಿನಿಂದ ಹೊರಗಿಟ್ಟು, ಆಮೇಲೆ ವೆಲ್ಡಿಂಗ್ ಮಾತು. ಆಲ್ಟರ್ನೇಟರ್ ವೈರನ್ನೂ ತೆಗೆದಿಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಹಳೇ ಪೇಂಟ್ ಉಜ್ಜುವಾಗ ಮಾಸ್ಕ್ ಹಾಕಿ.

ತಗಡು ತೆಳು. ಒಂದೇ ಸಮ ವೆಲ್ಡ್ ಎಳೆದರೆ ಕಾದು ಅಲೆ ಅಲೆಯಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಅಲ್ಲಿ, ನಡುವೆ ಆರಲು ಬಿಡಿ. ವೆಲ್ಡ್ ಮಾಡುವ ಅಂಚಿಗೆ ಸತುವಿನ ಪ್ರೈಮರ್ ಹಚ್ಚಿ. ನನಗೆ ವೆಲ್ಡಿಂಗ್ ಅಷ್ಟಕ್ಕಷ್ಟೇ, ಅದಕ್ಕೆ ಒಂದು ವರ್ಕ್‌ಶಾಪಿಗೆ ಕೊಟ್ಟೆ.

ಅಲ್ಲೇ ನಾನು ಎಡವಿದ್ದು. ಅವರು ಫೆಂಡರ್ ಕೂರಿಸಿದರು, ಮೂಲೆ ವೆಲ್ಡ್ ಮಾಡಿದರು, ಚೆಂದವಾಗಿ ಪೇಂಟ್ ಹೊಡೆದರು. ಬಂಪರ್ ಮಾತ್ರ ಒಮ್ಮೆಯೂ ಇಟ್ಟು ನೋಡಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ತಂದು ಹಿಂದಿನ ಬಂಪರ್ ಹಿಡಿದರೆ ಎಡಗಡೆ ಬೆರಳು ತೂರುವಷ್ಟು ಸಂದು, ಬಲಗಡೆ ಹಾಳೆ ಕೂಡ ತೂರುವುದಿಲ್ಲ. ಮೂಲೆಯ ತುಂಡೇ ಸ್ವಲ್ಪ ಹೊರಕ್ಕೆ ಕೂತಿತ್ತು. ಹೊಸ ಪೇಂಟ್ ಕೆರೆದು ಮತ್ತೆ ಕೆಲಸ, ಮತ್ತೆ ದುಡ್ಡು. ಹಾಗಾಗಿ ಯಾರ ಕೈಲಿ ಮಾಡಿಸಿದರೂ ಪೇಂಟ್‌ಗೆ ಮುಂಚೆ ಬಂಪರ್, ಗ್ರಿಲ್, ವ್ಯಾಲೆನ್ಸ್, ಲೈಟು ಎಲ್ಲ ಒಮ್ಮೆ ಪೂರ್ತಿ ಕೂರಿಸಿ, ಬಾನೆಟ್ ಮುಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಮತ್ತೆ ಬಿಚ್ಚಿ. ಆಮೇಲೆ ಪೇಂಟ್. ವರ್ಕ್‌ಶಾಪಿನವರು ಗೊಣಗಿದರೆ ಗೊಣಗಲಿ.

ಚಾಸಿ ತುದಿಯ ವಿಷಯವೂ ಈಗಲೇ ನೋಡಿಕೊಳ್ಳಬೇಕು. ಕ್ರೋಮ್ ಬಂಪರ್‌ನ ಬ್ರಾಕೆಟ್ ನಿಮ್ಮ ಕಾರಿನ ತೂತಿಗೆ ನೇರವಾಗಿ ಹೊಂದದೆ ಇರಬಹುದು. ಆಗ ದಪ್ಪ ಉಕ್ಕಿನ ಪಟ್ಟಿಯಲ್ಲಿ ನಡುವೆ ಒಂದು ತುಂಡು ಮಾಡಿಸಿ. ಪಟ್ಟಿಯ ತೂತನ್ನು ದುಂಡಗೆ ಕೊರೆಯದೆ ಉದ್ದಕ್ಕೆ ಕೊರೆದರೆ, ಆಮೇಲೆ ಬಂಪರನ್ನು ಆಚೆ ಈಚೆ ಸರಿಸಲು ಜಾಗ ಸಿಗುತ್ತದೆ.

ಲೈಟು ಮತ್ತು ವೈರು

ಇಂಗ್ಲಿಷ್ ಕಾರಿನ ವೈರಿಂಗ್ ಬಗ್ಗೆ ನೂರು ಜೋಕು ಇವೆ. ಆದರೆ ಬಣ್ಣದ ಲೆಕ್ಕ ಮಾತ್ರ ಅಚ್ಚುಕಟ್ಟು. ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್. ಹಸಿರಿನ ಮೇಲೆ ಬಿಳಿ ಗೆರೆ ಬಲ ಇಂಡಿಕೇಟರ್. ಬರೀ ಕೆಂಪು ಪಾರ್ಕಿಂಗ್ ಲೈಟು, ನಂಬರ್ ಪ್ಲೇಟ್ ಲೈಟೂ ಅದರಲ್ಲೇ. ಕಪ್ಪು ಅರ್ಥ್. ಹಳೇ ವೈರನ್ನೇ ಸ್ವಲ್ಪ ಉದ್ದ ಮಾಡಿ ಫೆಂಡರಿನ ಹೊಸ ಲೈಟಿಗೆ ತನ್ನಿ, ತೂತಿನ ಅಂಚು ವೈರನ್ನು ಕೊಯ್ಯದ ಹಾಗೆ ರಬ್ಬರ್ ಬಳೆ (ಗ್ರಾಮೆಟ್) ಹಾಕಿ.

ಹೊಸ ಪೇಂಟ್ ಆದ ಮೇಲೆ ಜನ ತಲೆ ಕೆಡಿಸಿಕೊಳ್ಳುವ ಒಂದು ರೋಗ ಇದೆ. ಎಡ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿಣುಕುತ್ತದೆ. ಅದು ಅರ್ಥ್ ಸಿಗದ ಲಕ್ಷಣ. ಲೈಟಿನ ತಳ ಪೇಂಟ್ ಮೇಲೆ ಕೂತಿದೆ, ಕರೆಂಟಿಗೆ ವಾಪಸ್ ದಾರಿ ಇಲ್ಲ. ಪೇಂಟ್ ಕೆರೆಯಬೇಡಿ. ಪ್ರತಿ ಲೈಟಿಗೂ ಒಂದು ಕಪ್ಪು ವೈರ್ ಎಳೆದು ಮೈಯ ಗಟ್ಟಿ ಬೋಲ್ಟಿಗೆ ಕಟ್ಟಿ. ಮುಗಿಯಿತು.

ಬಂಪರ್ ಕೂರಿಸುವುದು

ಇದು ಮದುವೆ ಮನೆಯಲ್ಲಿ ಚಪ್ಪರದ ಕಂಬ ನಿಲ್ಲಿಸುವ ಹಾಗೆ. ಒಂದನ್ನೇ ಮೊದಲು ಗಟ್ಟಿ ಮಾಡಿದರೆ ಉಳಿದದ್ದೆಲ್ಲ ವಾಲುತ್ತವೆ. ನಾನು ಮೊದಲ ಸಲ ಎಡ ಬ್ರಾಕೆಟ್ ಪೂರ್ತಿ ಬಿಗಿದುಬಿಟ್ಟೆ. ಬಲಗಡೆ ಎಳೆಯುವಾಗ ಬಂಪರ್ ತುದಿ ಫೆಂಡರಿಗೆ ತಾಗಿ ಉಗುರಿನಷ್ಟುದ್ದ ಗೀರು ಬಿತ್ತು. ಈಗಲೂ ಇದೆ.

ಸರಿಯಾದ ಕ್ರಮ ಹೀಗೆ. ಫೆಂಡರಿನ ಅಂಚಿಗೆಲ್ಲ ದಪ್ಪವಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ. ಬಂಪರ್‌ನ ಒಳಮೈಗೆ ಮೊದಲೇ ತುಕ್ಕು ತಡೆಯುವ ಮೇಣ ಹಚ್ಚಿ, ಏಕೆಂದರೆ ಕ್ರೋಮ್ ಬಂಪರ್ ಕೊಳೆಯುವುದು ಹಿಂದಿನಿಂದ. ಓವರ್‌ರೈಡರನ್ನೂ ಅದರ ಮಧ್ಯದ ರಬ್ಬರ್ ಪಟ್ಟಿಯನ್ನೂ ಕೆಳಗೇ ಜೋಡಿಸಿಕೊಳ್ಳಿ. ಇಬ್ಬರು ಹಿಡಿದು ಎಲ್ಲ ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸುವಷ್ಟೇ ಹಾಕಿ. ಈಗ ಅಳತೆ. ನೆಲದಿಂದ ಎರಡೂ ತುದಿಗೆ ಒಂದೇ ಎತ್ತರ ಇದೆಯಾ? ಎರಡೂ ಹೆಡ್‌ಲೈಟ್ ರಿಂಗಿನಿಂದ ಬಂಪರಿಗೆ ಒಂದೇ ದೂರ ಇದೆಯಾ? ಒಂದು ಗುಟ್ಟು ಹೇಳುತ್ತೇನೆ: ಈ ಕಾರುಗಳ ಮೈ ಎಡಬಲ ಒಂದೇ ಸಮ ಇರುವುದಿಲ್ಲ. ಅಳತೆ ಟೇಪು ಸರಿ ಅಂದರೂ ಕಣ್ಣಿಗೆ ಸೊಟ್ಟ ಕಂಡರೆ ಕಣ್ಣನ್ನೇ ನಂಬಿ. ಆಮೇಲೆ ಮಧ್ಯದ ಬೋಲ್ಟಿನಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಅಂತ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೊರಕ್ಕೆ ಹೋಗಿ.

ಎತ್ತರ ಇಳಿಸುವುದು

ಬಂಪರ್ ಹಾಕಿ ಇಲ್ಲಿಗೇ ನಿಲ್ಲಿಸುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಕ್ರೋಮ್ ಹಾಕಿದ ಮೇಲೆ ಆ ಒಂದೂವರೆ ಇಂಚು ಇನ್ನೂ ಎದ್ದು ಕಾಣುತ್ತದೆ.

ಹಿಂದೆ ಇರುವುದು ಪಟ್ಟಿ ಸ್ಪ್ರಿಂಗ್, ನಮ್ಮ ಲಾರಿಯವರು ಪಾಟಾ ಅಂತಾರಲ್ಲ, ಅದೇ. ಆ್ಯಕ್ಸಲ್ ಮತ್ತು ಪಾಟಾದ ನಡುವೆ ಬ್ಲಾಕ್ ಇಟ್ಟು, ಉದ್ದನೆಯ ಯು ಬೋಲ್ಟ್ ಹಾಕಿದರೆ ಕಾರು ಇಳಿಯುತ್ತದೆ. ಪಾಟಾ ಹಳತಾಗಿ ತಾನೇ ಜೋತಿದ್ದರೆ ಬ್ಲಾಕ್ ಬೇಡ, ಕಡಿಮೆ ಬಾಗಿರುವ ಹೊಸ ಪಾಟಾ ಹಾಕಿಸಿ. ಬ್ಲಾಕ್ ಹಾಕಿದ ಮೇಲೆ ಆ್ಯಕ್ಸಲ್‌ಗೂ ಅದು ಮೈಗೆ ಬಡಿಯದಂತೆ ಮೇಲೆ ಇರುವ ರಬ್ಬರ್ ತಡೆಗೂ (ಬಂಪ್ ಸ್ಟಾಪ್) ಎಷ್ಟು ಸಂದು ಉಳಿಯಿತು ನೋಡಿ.

ಮುಂದೆ ಕಾಯಿಲ್ ಸ್ಪ್ರಿಂಗ್. ಗಿಡ್ಡ ಸ್ಪ್ರಿಂಗ್ ಹಾಕುವುದು ಸುಲಭದ ದಾರಿ. ಹಳೇ ಕ್ರೋಮ್ ಕಾರಿನ ಕ್ರಾಸ್‌ಮೆಂಬರ್, ಅಂದರೆ ಮುಂದಿನ ಸಸ್ಪೆನ್ಷನ್ ಹೊರುವ ಅಡ್ಡ ತೊಲೆ, ತಂದು ಕೂರಿಸುವುದು ಶುದ್ಧವಾದ ದಾರಿ, ಆದರೆ ಅದರಲ್ಲಿ ಸ್ಟೀರಿಂಗ್ ರ‍್ಯಾಕ್ ಕೂರುವ ಜಾಗ ಬೇರೆ. ಸ್ಟೀರಿಂಗ್ ಕಂಬಕ್ಕೆ ಹೊಂದಿಸುವ ತಲೆನೋವು ಬೇಡ ಅನ್ನುವವರು ಸ್ಪ್ರಿಂಗ್‌ಗೇ ಇರಿ. ಹಳೇ ಸ್ಪ್ರಿಂಗನ್ನು ಕತ್ತರಿಸಿ ಗಿಡ್ಡ ಮಾಡುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಒತ್ತಿದ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ. ಸ್ಪ್ರಿಂಗ್ ಕೂತಿರುವ ಕೆಳಗಿನ ತಟ್ಟೆಗೆ ಜಾಕ್ ಕೊಟ್ಟು, ಬೋಲ್ಟ್ ಬಿಚ್ಚಿ, ಜಾಕನ್ನು ಕೂದಲೆಳೆ ಕೂದಲೆಳೆಯಾಗಿ ಇಳಿಸಬೇಕು. ಮುಖ ಎದುರಿಗೆ ಇಡಬಾರದು. ಮೊದಲ ಸಲ ಮಾಡುವವರು ಗೊತ್ತಿದ್ದವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಎಲ್ಲ ಆದ ಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ಅಂತ ಗೋಡೆ ಮುಂದೆ ನಿಲ್ಲಿಸಿ ಸರಿಮಾಡಿ. ಎಕ್ಸಾಸ್ಟ್ ಪೈಪ್ ಈಗ ನೆಲಕ್ಕೆ ಹತ್ತಿರ. ಬೆಂಗಳೂರಿನ ಹಂಪುಗಳ ಮೇಲೆ ಈ ಕಾರು ಓಡಿಸುವ ಕನಸು ನನಗಿಲ್ಲ, ಆದರೆ ಇಲ್ಲಿನ ಶಾಲೆ ಮುಂದಿನ ಹಂಪೇ ಸಾಕು, ಓರೆಯಾಗಿ ಹತ್ತಿಸುತ್ತೇನೆ.

ಆದ ಮೇಲೆ

ನೂರು ಮೈಲಿ ಓಡಿಸಿದ ಮೇಲೆ ಬಂಪರ್, ಫೆಂಡರ್, ಯು ಬೋಲ್ಟ್ ಎಲ್ಲವನ್ನೂ ಮತ್ತೆ ಬಿಗಿಯಿರಿ. ಸಡಿಲ ಆಗಿಯೇ ಇರುತ್ತವೆ. ನನ್ನದರಲ್ಲಿ ಓವರ್‌ರೈಡರ್ ಒಂದು ಎಂಜಿನ್ ಶುರುವಾದ ಕೂಡಲೇ ಗೆಜ್ಜೆ ಕಟ್ಟಿದ ಹಾಗೆ ಝಣಝಣ ಅನ್ನುತ್ತಿತ್ತು, ನಡುವೆ ಒಂದು ರಬ್ಬರ್ ವಾಷರ್ ಹಾಕಿದ ಮೇಲೆ ನಿಂತಿತು.

ಬಿಚ್ಚಿದ ರಬ್ಬರ್ ಬಂಪರ್ ಎಸೆಯಬೇಡಿ. ಕಾರನ್ನು ಹುಟ್ಟಿದ ರೂಪದಲ್ಲೇ ಇಡಬೇಕು ಅನ್ನುವವರು ಈಗ ಹೆಚ್ಚುತ್ತಿದ್ದಾರೆ, ಬಿರುಕಿಲ್ಲದ ಬಂಪರ್‌ಗೆ ಗಿರಾಕಿ ಸಿಗುತ್ತಾರೆ. ಬೋಲ್ಟು, ಬ್ರಾಕೆಟ್ಟು ಎಲ್ಲ ಒಂದು ಡಬ್ಬದಲ್ಲಿ ಹಾಕಿ ಜೊತೆಗಿಡಿ. ನನ್ನ ಹಿಂದಿನದನ್ನು ಒಬ್ಬರು ತಗೊಂಡು ಹೋದರು. ಮುಂದಿನದು ಇನ್ನೂ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದೆ. ನನ್ನ ಹೆಂಡತಿ ತನ್ನ ಕಾರು ಒಳಗೆ ತರುವಾಗ ಗೋಡೆಗೆ ತಾಗದ ಹಾಗೆ ಅದನ್ನೇ ಅಡ್ಡ ಇಟ್ಟಿದ್ದಾಳೆ.